ಉಷ್ಣದಿಂದ ಉಷ್ಣಕ್ಕೆ: ಶಾಶ್ವತ ವಲಸಿಗರ ಗಂಟುಮೂಟೆ ಮೀಮಾಂಸೆ

ಕರ್ಕಾಟಕ ಸಂಕ್ರಾಂತಿ ವೃತ್ತ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ, ಅಂದರೆ ಸಮಭಾಜಕ ವೃತ್ತದ ಎರಡೂ ಬದಿಗೆ ಸುಮಾರು 23.5 ಡಿಗ್ರಿಯವರೆಗೆ ಹರಡಿರುವ ಭೂಭಾಗವನ್ನು ಭೂಗೋಳಶಾಸ್ತ್ರಜ್ಞರು ಉಷ್ಣವಲಯವೆಂದು ಕರೆದಿದ್ದಾರೆ. 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಬೆವರುತ್ತ ನಿಂತಿರುವ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳಗಳು ಈ ವಲಯದ ಒಳಗೇ ಇರುವುದರಿಂದ, ಅಲ್ಲಿಂದ ಸಿಂಗಾಪುರಕ್ಕೋ ಮಲೇಷ್ಯಾಕ್ಕೋ ಶಾಶ್ವತವಾಗಿ ನೆಲೆಸಲು ಹೊರಟವರು ಶಾಸ್ತ್ರದೃಷ್ಟಿಯಿಂದ ಎಲ್ಲಿಗೂ ಹೋಗುತ್ತಿಲ್ಲ. ಆದರೂ ನೈಲಾನ್ ಹಗ್ಗದಿಂದ ಬಿಗಿದು, ಆರೂ ಮುಖಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆಯೊಂದು ಅವರೊಡನೆ ಬಜಪೆಯ ವಿಮಾನ ನಿಲ್ದಾಣದವರೆಗೆ ಹೋಗಿಯೇ ಹೋಗುತ್ತದೆ. ಆ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರುತ್ತದೆ, ಇವೆರಡರ ನಡುವಣ ಅಂತರಕ್ಕೆ ಕಾರಣವೇನು ಎಂಬುದು ಪ್ರಸ್ತುತ ಪ್ರಬಂಧದ ವಿಷಯ. ಹೊರಡುವವರು ಮತ್ತು ಹೊರಡಿಸುವವರು ಇದರ ಅಧಿಕಾರಿಗಳು, ಅಂದರೆ ಓದಲು ಅರ್ಹತೆಯುಳ್ಳವರು.

ಆರಂಭದಲ್ಲೇ ಒಂದು ತೊಡಕನ್ನು ಬಗೆಹರಿಸಿಕೊಳ್ಳುವುದು ಅಗತ್ಯ. ಕರಾವಳಿಯ ಮನೆಮನೆಗಳಿಗೆ ಅತ್ಯಂತ ಪರಿಚಿತವಾದ ಪರದೇಶವೆನ್ನಬಹುದಾದ ದುಬೈ 25 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಉಷ್ಣವಲಯದ ಪರೀಕ್ಷೆಯಲ್ಲಿ ಕೂದಲೆಳೆಯ ಅಂತರದಲ್ಲಿ ಅನುತ್ತೀರ್ಣವಾಗುತ್ತದೆ. ಜಿದ್ದಾ ಮತ್ತು ಒಮಾನಿನ ಸಲಾಲಾ ಉತ್ತೀರ್ಣವಾಗುತ್ತವೆ. ದುಬೈಯ ಆಗಸ್ಟ್ ತಿಂಗಳಿಗೆ ಈ ಫಲಿತಾಂಶ ತಿಳಿದಂತಿಲ್ಲವಾದ್ದರಿಂದ, ಆಪದ್ಧರ್ಮವಾಗಿ ಅದನ್ನೂ ಇಲ್ಲಿ ಸೇರಿಸಿಕೊಳ್ಳಲಾಗಿದೆ. ಸಲಾಲಾದಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಎಂಬ ಹೆಸರಿನ ಮುಂಗಾರು ಹನಿಯುತ್ತಿರುತ್ತದೆ, ರಸ್ತೆಬದಿಯಲ್ಲಿ ಎಳನೀರು ಮತ್ತು ಬಾಳೆಹಣ್ಣು ಮಾರುತ್ತಾರೆ; ಕಾಪುವಿನಿಂದ ಅಲ್ಲಿಗೆ ಹೋದವರು ಪ್ರಯಾಣ ಮಾಡಿದ್ದಕ್ಕೆ ಪಾಸ್‌ಪೋರ್ಟಿನ ಮುದ್ರೆಯ ಹೊರತು ಬೇರೆ ಸಾಕ್ಷಿ ಸಿಗುವುದು ಕಷ್ಟ.

ಈ ವಿಷಯದ ಹಳೆಯ ಸಾಹಿತ್ಯವೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಬಂದವರಿಗಾಗಿ ರಚಿತವಾದದ್ದು. ಸೊಳ್ಳೆಪರದೆ, ಕ್ವಿನೈನ್, ಬೆಂಡಿನ ಟೋಪಿ, ಕಾಲರಾ ಬಾರದಿರಲೆಂದು ಹೊಟ್ಟೆಗೆ ಸುತ್ತಿಕೊಳ್ಳುವ ಫ್ಲಾನೆಲ್ ಪಟ್ಟಿ, ಇವು ಆ ಕಾಲದ ಬಿಳಿಯರ ಪಟ್ಟಿಯಲ್ಲಿದ್ದ ಮುಖ್ಯ ವಸ್ತುಗಳು. ಆ ಗ್ರಂಥಗಳು ಯಾವ ಭಯಾನಕ ಪ್ರದೇಶಕ್ಕಾಗಿ ಸಿದ್ಧತೆ ಹೇಳುತ್ತವೆಯೋ ಆ ಪ್ರದೇಶದಲ್ಲೇ ಹುಟ್ಟಿ, ಅಲ್ಲಿಯ ಸೊಳ್ಳೆಗಳನ್ನು ಹೆಸರು ಹಿಡಿದು ಕರೆಯುವಷ್ಟು ಬಳಕೆಯುಳ್ಳ ಕಾರ್ಕಳದವರಿಗೆ ಅವುಗಳಿಂದ ಪ್ರಯೋಜನವಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆಯಲ್ಲಿ ನೆನೆದವರು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಳೆ ಬೀಳುವ ಸಿಂಗಾಪುರಕ್ಕೆ ರೇನ್‌ಕೋಟು ಒಯ್ಯುವುದು ವಿನಯದ ಅತಿರೇಕ.

ಇನ್ನು ಪ್ರಮಾಣ ವಿಚಾರ. ಉಡುಪಿಯ ಮಧ್ವಸಿದ್ಧಾಂತವು ಅರಿವಿನ ಸಾಧನಗಳಾಗಿ ಪ್ರತ್ಯಕ್ಷ, ಅನುಮಾನ ಮತ್ತು ಆಗಮ ಎಂಬ ಮೂರನ್ನು ಒಪ್ಪಿದೆ. ಪೆಟ್ಟಿಗೆಯ ತೂಕದ ವಿಷಯದಲ್ಲಿ ಪ್ರತ್ಯಕ್ಷವೆಂದರೆ ಕೊಕ್ಕೆಯಿರುವ ತೂಕದ ಯಂತ್ರ. ಅನುಮಾನವೆಂದರೆ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿ ಕಣ್ಣುಮುಚ್ಚಿ ‘ಇಪ್ಪತ್ತೆಂಟು ಉಂಟು, ಹೆಚ್ಚಿಲ್ಲ’ ಎಂದು ಹೇಳುವ ಮಾವ. ಆಗಮವೆಂದರೆ ಮಸ್ಕತ್ತಿನಿಂದ ಊರಿಗೆ ಬಂದಿರುವ ದೊಡ್ಡಪ್ಪನ ಮಗನ ‘ಎರಡು ಕಿಲೋ ಹೆಚ್ಚಾದರೆ ಅವರು ಏನೂ ಹೇಳುವುದಿಲ್ಲ’ ಎಂಬ ವಾಕ್ಯ. ಪ್ರಮಾಣಗಳ ನಡುವೆ ವಿರೋಧ ಬಂದಾಗ ಯಾವುದು ಬಲವತ್ತರ ಎಂಬ ಪ್ರಶ್ನೆಗೆ ಉತ್ತರವು ಚೆಕ್-ಇನ್ ಕೌಂಟರಿನ ಎದುರು, ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಉಪ್ಪಿನಕಾಯಿ ಹೊರತೆಗೆಯುವ ಹೊತ್ತಿನಲ್ಲಿ ದೊರೆಯುತ್ತದೆ. ಹಾಗೆ ಹೊರತೆಗೆದ ಉಪ್ಪಿನಕಾಯಿ ಕೈಚೀಲಕ್ಕೆ ಹೋಗುವಂತಿಲ್ಲ; 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವಕ್ಕೆ ಅಲ್ಲಿ ನಿಷೇಧವಿದ್ದು, ಮಿಡಿಯು ಘನವಾದರೂ ಅದರ ರಸವು ದ್ರವವೆಂಬುದು ಭದ್ರತಾ ಸಿಬ್ಬಂದಿಯ ಸ್ಥಿರವಾದ ಮತ.

ಪೂರ್ವಪಕ್ಷವು, ಅಂದರೆ ಖಂಡಿಸಲೆಂದೇ ಮೊದಲು ಎತ್ತಿಕೊಳ್ಳುವ ವಾದವು, ಸಾಮಾನ್ಯವಾಗಿ ಹೊರಟುನಿಂತ ಮಗನದು: ಅಲ್ಲಿ ತೆಂಗಿನಕಾಯಿ, ಹಲಸು, ಬಾಳೆಎಲೆ, ಕರಿಬೇವು ಎಲ್ಲವೂ ಸಿಗುವುದರಿಂದ ಏನನ್ನೂ ಒಯ್ಯಬೇಕಾಗಿಲ್ಲ. ಸಿಂಗಾಪುರದಲ್ಲಿ ಭಾರತೀಯ ಅಂಗಡಿಗಳ ಸಾಲಿರುವ ಸೆರಂಗೂನ್ ರಸ್ತೆಯನ್ನು ಒಮ್ಮೆ ಹಾದುಹೋದವರಿಗೆ ಈ ವಾದದ ಸತ್ಯ ಮನದಟ್ಟಾಗುತ್ತದೆ. ಇದಕ್ಕೆ ತಾಯಿಯ ಸಿದ್ಧಾಂತ, ‘ಅಲ್ಲಿಯದಕ್ಕೆ ಇಲ್ಲಿಯ ರುಚಿ ಉಂಟಾ ಮಗಾ?’ ಎಂಬ ಒಂದೇ ಸೂತ್ರ. ಮೇಲ್ನೋಟಕ್ಕೆ ಇದು ಮಮತೆಯ ಮಾತೆಂದು ತೋರಿದರೂ ಇದರ ಹಿಂದೆ ಗಟ್ಟಿಯಾದ ದರ್ಶನವಿದೆ. ಮಧ್ವಾಚಾರ್ಯರು ಪ್ರತಿಪಾದಿಸಿದ ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು. ಒಂದು ಜಡವಸ್ತು ಇನ್ನೊಂದು ಜಡವಸ್ತುವಿನಿಂದ ನಿಜವಾಗಿಯೂ ಬೇರೆ ಎಂಬುದು ಅದರ ತಾತ್ಪರ್ಯ. ಹೀಗಿರುವಾಗ ಮಲೇಷ್ಯಾದ ಜೋಹೋರಿನ ತೆಂಗಿನಕಾಯಿಯೂ ಕಟಪಾಡಿಯ ತೆಂಗಿನಕಾಯಿಯೂ ಒಂದೇ ಎನ್ನುವ ಮಗನು ತಿಳಿಯದೆಯೇ ಅದ್ವೈತಿಯಾಗಿದ್ದಾನೆ.

ಪೆಟ್ಟಿಗೆ ತುಂಬುವ ಕ್ರಮದಲ್ಲಿ ಊರಿಗೊಂದು ಪಂಥವಿದೆ. ಕಾರ್ಕಳ ಪಂಥವು ಭಾರಕ್ಕೆ ಅಂಜದು. 1432ರಲ್ಲಿ 42 ಅಡಿಯ ಏಕಶಿಲಾ ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದ ಊರಿನವರಿಗೆ ಶ್ಯಾವಿಗೆ ಒತ್ತುವ ಮಣೆ, ಕಾಯಿ ತುರಿಯುವ ಮಣೆ, ಕಡುಬಿನ ಅಟ್ಟ ಮತ್ತು ಚಿಕ್ಕದೊಂದು ಅರೆಯುವ ಕಲ್ಲನ್ನು ಸಾಗಿಸುವುದು ದೊಡ್ಡ ಸಂಗತಿಯಲ್ಲ. ಪ್ರಬಂಧದ ಅಭಿಪ್ರಾಯದಲ್ಲಿ ನಾಲ್ಕು ಪಂಥಗಳಲ್ಲಿ ಇದೇ ಹೆಚ್ಚು ಸರಿ, ಏಕೆಂದರೆ ಉಷ್ಣವಲಯದಲ್ಲಿ ತೆಂಗಿನಕಾಯಿ ಎಲ್ಲೆಡೆ ಸಿಕ್ಕಿದರೂ ಕೈಗೆ ಒಗ್ಗಿದ ತುರಿಮಣೆ ಎಲ್ಲೆಡೆ ಸಿಗುವುದಿಲ್ಲ. ಕಲ್ಲನ್ನು ಮಾತ್ರ ಕೈಬಿಡಬಹುದು. ಇದೇ ಪಂಥದವರು ಗೇರುಬೀಜವನ್ನೂ ಕಿಲೋಗಟ್ಟಲೆ ಒಯ್ಯುತ್ತಾರೆ. ಬ್ರೆಜಿಲಿನಿಂದ ಪೋರ್ಚುಗೀಸರೊಡನೆ ಬಂದು ಕಾರ್ಕಳದ ಕಾರ್ಖಾನೆಗಳಲ್ಲಿ ಸಿಪ್ಪೆ ಕಳಚಿಕೊಳ್ಳುವ ಆ ಬೀಜವು ಉಷ್ಣದಿಂದ ಉಷ್ಣಕ್ಕೆ ವಲಸೆ ಹೋಗುವುದರಲ್ಲಿ ಇವರಿಗಿಂತ ಹೆಚ್ಚು ಅನುಭವಿ.

ಕಾಪು ಪಂಥದ ಒಲವು ಬೇಗ ಬಾಡುವ ಮತ್ತು ಬೇಗ ನಾರುವ ವಸ್ತುಗಳತ್ತ. ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ, ಒಣಮೀನು ಇವರ ಇಷ್ಟಪದಾರ್ಥಗಳು. ವಾದಿರಾಜರು ಬೀಜ ಕೊಟ್ಟರೆಂದು ಪ್ರತೀತಿಯಿರುವ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟುಗುಳ್ಳವು ಆ ಊರಿನ ಮಣ್ಣಿನ ಹೊರಗೆ ತನ್ನ ಗುಣ ಬಿಡುತ್ತದೆಂದು ಬೆಳೆಗಾರರೇ ಹೇಳುವುದರಿಂದ, ಅದರ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿ ಒಯ್ಯುವುದು ವ್ಯರ್ಥ ಸಾಹಸ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಬೀಜ, ಮಣ್ಣು ಮೆತ್ತಿದ ತುಳಸಿಗಿಡ ಇವುಗಳನ್ನು ಬಹುತೇಕ ದೇಶಗಳು ಒಳಬಿಡುವುದೂ ಇಲ್ಲ. ತಲೆನೋವಿಗೆಂದು ಇವರು ಪೆಟ್ಟಿಗೆಯ ಮೂಲೆಯಲ್ಲಿಡುವ ಕೊಡಲಿ ಗುರುತಿನ ಎಣ್ಣೆಯ ಪುಟ್ಟ ಶೀಶೆಯು 1928ರಿಂದ ಸಿಂಗಾಪುರದ ಸರಕಾಗಿದ್ದು, ಕೊಲ್ಲಿಯ ಅಂಗಡಿಯಿಂದ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಕಾಪುವಿಗೆ ಬಂದು, ಈಗ ಮಗಳ ಪೆಟ್ಟಿಗೆಯಲ್ಲಿ ತವರಿಗೆ ಮರಳುತ್ತಿದೆ.

ಉಡುಪಿ ಪಂಥದವರು ಹಲಸಿನ ಹಪ್ಪಳ ಮತ್ತು ಗಂಧಪ್ರಸಾದದ ಜೊತೆ ಪಂಚಾಂಗವನ್ನು ಒಯ್ಯುತ್ತಾರೆ. ಊರಿನ ಸೂರ್ಯೋದಯಕ್ಕೆ ಗಣಿತ ಮಾಡಿದ ಪಂಚಾಂಗವು ಎರಡೂವರೆ ಗಂಟೆ ಮುಂದಿರುವ ಸಿಂಗಾಪುರದಲ್ಲಿ ತಿಥಿಯನ್ನು ಹೇಳೀತೇ ಹೊರತು, ಅರುಣೋದಯದ ಆಧಾರದ ಮೇಲೆ ನಿಶ್ಚಯವಾಗುವ ಏಕಾದಶಿಯ ದಿನವನ್ನು ಸರಿಯಾಗಿಯೇ ಹೇಳುತ್ತದೆಂಬ ಭರವಸೆಯಿಲ್ಲ. ಉಪವಾಸ ಒಂದು ದಿನ ತಪ್ಪಿದರೆ ಹಪ್ಪಳ ಒಂದು ದಿನ ಮೊದಲೇ ಖಾಲಿಯಾಗುತ್ತದೆಂಬುದೇ ಇದರ ವ್ಯಾವಹಾರಿಕ ಪರಿಣಾಮ. ಮಣಿಪಾಲ ಪಂಥದವರು ಲ್ಯಾಪ್‌ಟಾಪಿನ ಹೊರತು ಏನನ್ನೂ ನಂಬುವವರಲ್ಲ. ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು 1997ರಲ್ಲಿ ಆರಂಭವಾದ ಮೇಲೆ ಮಲೇಷ್ಯಾದ ವಿದ್ಯಾರ್ಥಿಗಳು ತಂಡತಂಡವಾಗಿ ಅಲ್ಲಿಗೆ ಬಂದು ಓದಿದ್ದು, ಅವರ ತಾಯಂದಿರು ಇದೇ ವಲಯದ ಆಚೆ ತುದಿಯಿಂದ ಕಟ್ಟಿಕೊಟ್ಟ ಪೆಟ್ಟಿಗೆಗಳ ತೌಲನಿಕ ಅಧ್ಯಯನಕ್ಕೆ ಯಾರಾದರೂ ಸಂಶೋಧಕರು ಮುಂದಾಗಬೇಕು.

ಕೊನೆಯದಾಗಿ ತಾರತಮ್ಯ, ಎಂದರೆ ವಸ್ತುಗಳ ಮೇಲು-ಕೀಳಿನ ಕ್ರಮ. ಇದರಲ್ಲಿ ಅಗ್ರಸ್ಥಾನ ಯಾವ ತಾಯಿಯೂ ನೆನೆಯದ ಕಾಗದಗಳಿಗೆ ಸಲ್ಲುತ್ತದೆ. ಜನನ, ವಿವಾಹ ಮತ್ತು ಪದವಿಯ ಪ್ರಮಾಣಪತ್ರಗಳಿಗೆ ಒಮಾನ್, ಸಿಂಗಾಪುರಗಳಂಥ ದೇಶಗಳಲ್ಲಿ ಅಪೊಸ್ಟಿಲ್ ಸಾಕು. ಅದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಮನ್ನಿಸುವ ಮುದ್ರೆಯಾಗಿದ್ದು ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಯುಎಇಗೆ ಅದರ ರಾಯಭಾರ ಕಚೇರಿಯ ದೃಢೀಕರಣವೇ ಬೇಕು. ಅಂಕಪಟ್ಟಿಯಲ್ಲಿ ಒಂದಕ್ಷರವಾಗಿ ಕುಳಿತ ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ಉದ್ದವಾಗಿ ಬೆಳೆದಿದ್ದರೆ ಅವೆರಡೂ ಒಬ್ಬರವೇ ಎಂದು ಪರದೇಶದಲ್ಲಿ ಸಾಧಿಸಲು ಯಾವ ಭಾಷ್ಯವೂ ಸಾಲದು. ಎರಡನೆಯ ಸ್ಥಾನ ಮಿಕ್ಸಿಗೆ. ಆದರೆ ಸಿಂಗಾಪುರ, ಮಲೇಷ್ಯಾ, ದುಬೈ, ಕೆನ್ಯಾಗಳ ಗೋಡೆಯ ತೂತುಗಳು ಚಪ್ಪಟೆ ಕಾಲಿನ ಬ್ರಿಟಿಷ್ ಪ್ಲಗ್ಗಿನವಾಗಿರುವುದರಿಂದ ಅದಕ್ಕೊಂದು ಅಡಾಪ್ಟರನ್ನೂ ಸೇರಿಸಬೇಕು. ಮೂರನೆಯದು ಕೆಂಪು ಕುಚ್ಚಲಕ್ಕಿ, ಉಳಿದ ಜಾಗವೆಷ್ಟೋ ಅಷ್ಟು.

ಹೊರಡುವ ಹಿಂದಿನ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡತಕ್ಕದ್ದು. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿರುವ ಕೊಬ್ಬರಿಯನ್ನೂ, ದುಬೈಗೆ ಹೋಗುವವರಾದರೆ ಮಾದಕವಸ್ತುವಿನ ಕಾನೂನಿನಡಿ ಜೈಲಿಗೆ ಕಳಿಸಬಲ್ಲ ಗಸಗಸೆಯನ್ನೂ ಹೊರಗೆ ತೆಗೆದಿಡತಕ್ಕದ್ದು. ಪ್ರಮಾಣಪತ್ರಗಳ ಮೂಲಪ್ರತಿಗಳನ್ನು ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳತಕ್ಕದ್ದು.