ಸಂರಕ್ಷಣೆಯ ಲೆಕ್ಕ

(1831ರ ಅಂತ್ಯ; ಹೊಳಲ್ಕೆರೆಯ ಚಾವಡಿ.)

ಗೌಡ: ಶಾನುಭೋಗರೇ, ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ದಂಗೆಯೆದ್ದರೆ, ಇಂಗ್ಲಿಷ್ ಕುಂಪಣಿಯವರು ಮೈಸೂರು ರಾಜ್ಯವನ್ನೇ ವಶಪಡಿಸಿಕೊಂಡರಂತೆ, ಏತಕ್ಕೆ?

ಶಾನುಭೋಗ: ಒಡೆಯರ ಆಡಳಿತವು ಶಿಥಿಲವಾಗಿ, 1799ರ ಕೌಲಿನಂತೆ ವರ್ಷಂಪ್ರತಿ ಸಲ್ಲತಕ್ಕ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳ ಪೊಗದಿಗೆ ವಿಘ್ನ ಒದಗೀತೆಂದು ಶಂಕೆ ಮೂಡಲಾಗಿ, ಆ ಕರುಣಾಳುಗಳ ಹೃದಯ ಪ್ರಜೆಗಳಿಗಾಗಿ ಕರಗಿತಯ್ಯ.

ಗೌಡ: ಪೊಗದಿ ಯಾರಿಗೆ?

ಶಾನುಭೋಗ: ಕುಂಪಣಿಗೇ, ನಮ್ಮ ಸಂರಕ್ಷಣಾರ್ಥವಾಗಿ.

ಗೌಡ: ಯಾರಿಂದ ಸಂರಕ್ಷಣೆ?

ಶಾನುಭೋಗ: ಹಾಗೆ ಕೇಳುವವರಿಂದ!

ಗೌಡ: ಹೈದರಾಲಿಯನ್ನೇ 1779ರವರೆಗೆ ಕಾಯಿಸಿದ ಚಿತ್ರದುರ್ಗದ ಕೋಟೆಯಲ್ಲಿ ಬೀಡುಬಿಟ್ಟಿದ್ದ ಕುಂಪಣಿಯ ದಂಡು, ಹವೆ ಒಗ್ಗದೆ ತಾನಾಗಿಯೇ ತೆರಳಿತಲ್ಲ! ಕಲ್ಲುಗೋಡೆಗಿಂತ ನಮ್ಮ ಗಾಳಿಯೇ ಪರಾಕ್ರಮಿ.

ಶಾನುಭೋಗ: ಮೆಲ್ಲಗೆ, ಗೌಡ! ಗಾಳಿಗೂ ಕಂದಾಯ ವಿಧಿಸಬಹುದೆಂಬುದು ಅವರಿಗಿನ್ನೂ ಹೊಳೆದಿಲ್ಲ.