ಬೋಣಿ ಮಾಡಬೇಕಿದ್ದವರು ನಾವು: ಸಿಂಪ್ಯೂಟರ್ ಕಟ್ಟಿದವರಿಗೊಂದು ಬಹಿರಂಗ ಪತ್ರ

ಮಾನ್ಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ವಿನಯ್ ದೇಶಪಾಂಡೆ ಹಾಗೂ ನಿಮ್ಮೊಡನೆ ದುಡಿದ ಎಲ್ಲ ಎಂಜಿನಿಯರರಿಗೆ,



ಬೆಂಗಳೂರಿನಲ್ಲಿ ನಮ್ಮದೇ ಕಂಪ್ಯೂಟರ್ ಮಾಡೋಣ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ‘ಸಿಂಪ್ಯೂಟರ್ ಗತಿ ಏನಾಯಿತು ನೋಡಲಿಲ್ಲವೆ?’ ಎಂಬ ಮಾತು ಬಂದುಬಿಡುತ್ತದೆ. ಎರಡು ದಶಕದಿಂದ ಇದನ್ನು ಕೇಳುತ್ತಿದ್ದೇನೆ. ಈ ತೀರ್ಪು ನಿಮಗೆ ಅನ್ಯಾಯ ಮಾಡಿದೆ. ಈಗ ಅದೇ ದಾರಿ ಹಿಡಿಯಲು ಹೊರಟ ಹುಡುಗ ಹುಡುಗಿಯರಿಗೆ ತಪ್ಪು ಪಾಠವನ್ನೂ ಹೇಳುತ್ತಿದೆ. ಅದಕ್ಕೇ ಈ ಪತ್ರ.

ನೀವು ಕಟ್ಟಿದ್ದು ಏನೆಂದು ಇಂದಿನ ಓದುಗರಿಗೆ ಗೊತ್ತಿರಲಾರದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದಿರಿ. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿಯನ್ನು ಜನರ ಮುಂದಿಟ್ಟಿರಿ. ಅಂಗೈಯಲ್ಲಿ ಹಿಡಿಯುವ ಯಂತ್ರ, ಕೀಲಿಮಣೆ ಇಲ್ಲ, ಪರದೆ ಮುಟ್ಟಿದರೆ ಕೆಲಸ, ಒಳಗೆ ಲಿನಕ್ಸ್. ಓದು ಬಾರದವರಿಗೆಂದು ಪರದೆಯ ಮೇಲಿನ ಬರಹವನ್ನು ನಮ್ಮ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು. ನನ್ನ ಮನಸ್ಸನ್ನು ಹಿಡಿದದ್ದು ಸ್ಮಾರ್ಟ್ ಕಾರ್ಡಿನ ಯೋಚನೆ. ಊರಿಗೆಲ್ಲ ಒಂದು ಯಂತ್ರ, ಆಳಿಗೊಂದು ಕಾರ್ಡು. ಕಾರ್ಡು ತೂರಿಸಿದಷ್ಟು ಹೊತ್ತು ಯಂತ್ರ ಅವರದು. 9 ಸಾವಿರ ರೂಪಾಯಿಗೆ ಕೊಡಬೇಕೆಂದಿದ್ದ ವಸ್ತುವನ್ನು ಕೊಳ್ಳಲಾಗದವರೂ ಬಳಸಬಹುದೆಂದು ಲೆಕ್ಕ ಹಾಕಿದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು?

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿಡಾ ಎಂಬ ಹೆಸರಿನ ಸಿಂಪ್ಯೂಟರ್ ಹೊರಬಂತು. ಯಂತ್ರದ ಚಲನೆಯನ್ನು ಅರಿಯುವ ಸಂವೇದಕ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ. ಆದರೆ 50 ಸಾವಿರ ಮಾರಬೇಕೆಂದಿದ್ದ ಕಡೆ 2005ರ ಹೊತ್ತಿಗೆ ಹೋದದ್ದು 4 ಸಾವಿರದಷ್ಟು. ವಾದವೆಲ್ಲ ಶುರುವಾಗುವುದು ಈ ಎರಡು ಸಂಖ್ಯೆಗಳ ನಡುವಿನ ಕಂದಕದಿಂದ.

‘ಮೇಷ್ಟ್ರುಗಳಿಗೆ ವ್ಯಾಪಾರ ಬಾರದು’ ಎಂದರು ಕೆಲವರು. ನಿಮ್ಮಲ್ಲಿ ನಾಲ್ವರು 2000ದಲ್ಲಿ ಹುಟ್ಟುಹಾಕಿದ ಸ್ಟ್ರಾಂಡ್ ಎಂಬ ಜೈವಿಕ ಮಾಹಿತಿ ಕಂಪನಿ ಎರಡು ದಶಕ ಬಾಳಿ, 2021ರಲ್ಲಿ ರಿಲಯನ್ಸ್ ಕೊಳ್ಳುವ ಮಟ್ಟಕ್ಕೆ ಬೆಳೆಯಿತು. ಅದೇ ತಲೆಗಳು, ಅದೇ ಊರು. ವ್ಯಾಪಾರ ಬಾರದಿದ್ದರೆ ಅದೂ ನಿಲ್ಲುತ್ತಿರಲಿಲ್ಲ.

‘ಹಳ್ಳಿಯವರಿಗೆ ಕಂಪ್ಯೂಟರ್ ಬೇಕಿರಲಿಲ್ಲ’ ಎಂದರು ಇನ್ನು ಕೆಲವರು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ, ಅದೇ ವರ್ಷಗಳಲ್ಲೇ ಇದೆ. ಸರ್ಕಾರದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು, ಅಂದರೆ ಜಮೀನಿನ ದಾಖಲೆಗಳು, ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆದವರು ರೈತರೇ. ಅವರಿಗೆ ಬೇಕಿದ್ದದ್ದು ಪಹಣಿ. ಅದನ್ನು ಕೊಡುವ ಯಂತ್ರ ಯಾವುದಾದರೂ ಆಗುತ್ತಿತ್ತು. ಭೂಮಿ ನಿಂತದ್ದು ಸರ್ಕಾರ ಖರ್ಚು ಹೊತ್ತು, ಕಿಟಕಿ ತೆರೆದು, ಕೈಬರಹದ ಪಹಣಿಯನ್ನು ನಿಲ್ಲಿಸಿದ್ದರಿಂದ. ಸಿಂಪ್ಯೂಟರಿಗೆ ಅಂಥ ಕಿಟಕಿಯನ್ನು ಯಾರೂ ತೆರೆಯಲಿಲ್ಲ. ಭೂದಾಖಲೆ ಕೆಲಸಕ್ಕೆ ಸರ್ಕಾರ ಕೆಲವನ್ನು ಬಳಸಿತು, ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ಲೆಕ್ಕಕ್ಕೆ ಬಳಸಿತು, ಗೋವಾದಲ್ಲಿ ಅದಿರು ಸಾಗಣೆಯ ಮೇಲೆ ಕಣ್ಣಿಡಲು ಬಳಸಿದರು. ಕೆಲಸ ಕೊಟ್ಟ ಕಡೆಯೆಲ್ಲ ಯಂತ್ರ ಕೆಲಸ ಮಾಡಿತು. ಆದರೆ ಇವೆಲ್ಲ ಬಿಡಿಬಿಡಿ ಬೇಡಿಕೆಗಳು.

ಬೆಲೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಮಿಡಾ ಅಂಗಡಿಗೆ ಬಂದಾಗ ಮಾದರಿಯನ್ನು ನೋಡಿಕೊಂಡು ಸುಮಾರು 10 ಸಾವಿರದಿಂದ 20 ಸಾವಿರ ರೂಪಾಯಿ. ಪರದೆ, ಚಿಪ್ಪು, ಮೆಮೊರಿಗಳನ್ನು ಸಾವಿರದ ಲೆಕ್ಕದಲ್ಲಿ ಕೊಳ್ಳುವವರಿಗೆ ಒಂದು ದರ, ಲಕ್ಷದ ಲೆಕ್ಕದಲ್ಲಿ ಕೊಳ್ಳುವವರಿಗೆ ಇನ್ನೊಂದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತೆ, ಬೇಡಿಕೆ ಏರದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಬೇಡಿಕೆ ಏರಲಿಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಮೊಬೈಲನ್ನು ಜನರ ಕೈಗಿಟ್ಟದ್ದು ನೆನಪಿದೆಯಲ್ಲ? ಫೋನು ಅಗ್ಗವಾಗಿರಲಿಲ್ಲ, ಅದರ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡಿಕೊಳ್ಳಬಲ್ಲ ದೊಡ್ಡ ಕೈಯೊಂದು ಹಿಂದೆ ಇತ್ತು. ಮೇಲಾಗಿ ಫೋನು ಕೊಂಡ ದಿನವೇ ದೂರದೂರಿನ ಮಗಳ ದನಿ ಕೇಳಿಸುತ್ತಿತ್ತು. ಸಿಂಪ್ಯೂಟರ್ ಕೊಂಡ ದಿನ ಅದರಲ್ಲಿ ಕೇಳಲು ಏನಿತ್ತು?

ಇಲ್ಲಿ ನಿಮ್ಮ ಪಾಲಿನ ತಪ್ಪನ್ನೂ ಹೇಳಬೇಕು, ಗೌರವದಿಂದಲೇ. ಕನ್ನಡ ಓದಿ ಹೇಳುವ ಯಂತ್ರ ಮಾಡಿದಿರಿ. ಅದು ಓದಬೇಕಾದ ಮಂಡಿಯ ಧಾರಣೆ, ಮಳೆಯ ಮುನ್ಸೂಚನೆ, ಸೊಸೈಟಿಯ ಸಾಲದ ಲೆಕ್ಕವನ್ನು ದಿನದಿನವೂ ಕನ್ನಡದಲ್ಲಿ ತುಂಬುವವರು ತಾವಾಗಿ ಬರುತ್ತಾರೆಂದು ನಂಬಿದಿರಿ. ಯಂತ್ರದ ವಿನ್ಯಾಸವನ್ನು ಪರವಾನಗಿಯ ಮೂಲಕ ಬೇರೆ ತಯಾರಕರಿಗೂ ತೆರೆದಿಟ್ಟ ನಿಮ್ಮ ಉದಾರತೆ ದೊಡ್ಡದು. ಆದರೆ ತಯಾರಕರು ಹೆಚ್ಚಿದರೆ ಸಾಲದು, ಗಿರಾಕಿಯೂ ಬೇಕು. ಹಳ್ಳಿಯ ಬಡವರು ಬಳಸುವವರೇ ಹೊರತು ಕೊಳ್ಳುವವರಲ್ಲ ಎಂಬುದು ನಿಮ್ಮ ಕಾರ್ಡಿನ ಯೋಚನೆಯಲ್ಲೇ ಇತ್ತು. ಹಾಗಿದ್ದರೆ ಹಣ ಎಣಿಸುವವರು ಯಾರು? ಪಂಚಾಯಿತಿಯೆ, ಬ್ಯಾಂಕೆ, ಶಾಲೆಯೆ? ಈ ಪ್ರಶ್ನೆ ಯಂತ್ರದ ವಿನ್ಯಾಸಕ್ಕಿಂತ ಮೊದಲು ಇತ್ಯರ್ಥವಾಗಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ನಮ್ಮದು. ಹೊರದೇಶದ ಪತ್ರಿಕೆಗಳು ನಿಮ್ಮನ್ನು ಹೊಗಳಿದಾಗ ಇಲ್ಲಿ ನಾವು ಹೆಮ್ಮೆಪಟ್ಟೆವು. ನಾನೂ ಊರವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದನ್ನೂ ಕೊಳ್ಳಲಿಲ್ಲ. ನಾನು ಓದಿದ ಶಾಲೆಗಾದರೂ ಒಂದು ಕೊಡಿಸಬಹುದಿತ್ತು, ಅದೂ ಹೊಳೆಯಲಿಲ್ಲ. ಪೇಟೆಯಲ್ಲಿ ಹೊಸ ಅಂಗಡಿ ತೆರೆದವರನ್ನು ಕಂಡರೆ ಹಿರಿಯರು ಬೇಕಿರಲಿ ಬಿಡಲಿ ಏನಾದರೊಂದು ಕೊಂಡು ಬೋಣಿ ಮಾಡುತ್ತಿದ್ದರು. ಆ ಮರ್ಯಾದೆಯನ್ನು ನಾವು ನಿಮಗೆ ತೋರಿಸಲಿಲ್ಲ. ಹತ್ತು ಸಾವಿರ ಯಂತ್ರಗಳ ಒಂದೇ ಒಂದು ಖರೀದಿ ಆದೇಶವನ್ನು ಹೊರಡಿಸುವ ಶಕ್ತಿ ಸರ್ಕಾರಕ್ಕಿತ್ತು. ಅದು ಬಂದಿದ್ದರೆ ಯಂತ್ರ ಉಳಿಯುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆ. ಅದರ ಯೋಗ್ಯತೆ ಏನೆಂಬುದಾದರೂ ನ್ಯಾಯವಾಗಿ ಪರೀಕ್ಷೆಯಾಗುತ್ತಿತ್ತು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಹಳೆಯ ಕಡತಗಳನ್ನು ತೆರೆಯಿರಿ. ಯಾವ ಬಿಡಿಭಾಗಕ್ಕೆ ಎಷ್ಟು ಬಿತ್ತು, ಯಾವ ಇಲಾಖೆಯ ಮೇಜಿನ ಮೇಲೆ ಯಾವ ಪ್ರಸ್ತಾವ ಎಷ್ಟು ತಿಂಗಳು ಕೂತಿತ್ತು, ಎಲ್ಲಿ ನೀವು ಎಡವಿದಿರಿ ಎಂಬುದನ್ನು ಲೆಕ್ಕದ ಸಮೇತ ಕನ್ನಡದಲ್ಲಿ ಬರೆಯಿರಿ. ತುಮಕೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಗೆ ನಿಮ್ಮ ಗೆಲುವಿನ ಕಥೆಗಿಂತ ಆ ಲೆಕ್ಕದ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನ್ನ ಕಡೆಯಿಂದ ಒಂದು ಮಾತು ಕೊಡುತ್ತೇನೆ. ಆ ಹುಡುಗಿ ನಾಳೆ ಕನ್ನಡ ಮಾತಾಡುವ ಒಂದು ಯಂತ್ರ ಮಾಡಿ ತಂದರೆ, ಅವಳ ಬಗ್ಗೆ ಬರೆಯುವ ಮೊದಲು ನನ್ನ ಊರಿನ ಶಾಲೆಗೆ ಒಂದನ್ನು ಕೊಂಡುಕೊಡುತ್ತೇನೆ. ಉಳಿದವರಿಗೂ ಅದನ್ನೇ ಮಾಡಲು ಹೇಳುತ್ತೇನೆ.

ಇತಿ,
ನಿಮ್ಮ ಯಂತ್ರವನ್ನು ಮರೆಯದ ಒಬ್ಬ ಓದುಗ