ಪಾಪ್-ಅಪ್ ಬಿಡಿ, ರಸೀದಿ ತಗೊಳ್ಳಿ

ಬೆಂಗಳೂರಿನಲ್ಲಿ ಕ್ಷಮೆ ಕೇಳಬೇಕಾದವರ ಪಟ್ಟಿ ಉದ್ದ ಇದೆ. ಅದರಲ್ಲಿ ಒಂದು ಬಾಬ್ತನ್ನು ಮಾತ್ರ ಅಮೆರಿಕದವರೊಬ್ಬರು ಆಗಲೇ ತೀರಿಸಿಬಿಟ್ಟಿದ್ದಾರೆ. ಹೆಸರು ಈಥನ್ ಝುಕರ್‌ಮನ್. ತೊಂಬತ್ತರ ದಶಕದಲ್ಲಿ ಅವರು ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ ಕಾರು ಕಂಪನಿಯೊಂದರ ಜಾಹೀರಾತು ಅಶ್ಲೀಲ ಪುಟವೊಂದರ ನೆತ್ತಿಯ ಮೇಲೆ ಕಾಣಿಸಿಕೊಂಡು ರಂಪವಾಯಿತು. ಜಾಹೀರಾತೂ ಇರಬೇಕು, ಪುಟದ ಮೈಲಿಗೆಯೂ ತಟ್ಟಬಾರದು. ಝುಕರ್‌ಮನ್ ಜಾಹೀರಾತಿಗೆಂದೇ ಬೇರೆ ಕಿಟಕಿ ತೆರೆಯುವ ಕೋಡ್ ಬರೆದುಕೊಟ್ಟರು. ಅದೇ ಪಾಪ್-ಅಪ್. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ, ಉದ್ದೇಶ ಒಳ್ಳೆಯದೇ ಇತ್ತೆಂದು ಹೇಳಿ ಕ್ಷಮೆ ಕೇಳಿದರು. ಉದ್ದೇಶ ಒಳ್ಳೆಯದಿತ್ತು ಅನ್ನುವುದನ್ನು ನಮ್ಮ ಫ್ಲೈಓವರ್ ಕಟ್ಟುವವರೂ ಹೇಳುತ್ತಾರೆ. ಕ್ಷಮೆಯ ಭಾಗವನ್ನಷ್ಟೇ ಬಿಡುತ್ತಾರೆ.

ಝುಕರ್‌ಮನ್ ಕೈಗೆ ಸಿಕ್ಕ ಆಯುಧ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿಕೊಟ್ಟರಂತೆ. ನಮ್ಮಲ್ಲಿ ಹತ್ತು ದಿನದಲ್ಲಿ ರಸ್ತೆ ಗುಂಡಿಯ ಟೆಂಡರ್ ಫೈಲೂ ಮೇಜು ದಾಟುವುದಿಲ್ಲ. ‘ವಿಂಡೋ ಡಾಟ್ ಓಪನ್’ ಎಂದು ಬರೆದರೆ ಸಾಕು, ಓದುವವನು ಕೇಳಲಿ ಬಿಡಲಿ, ಕಿಟಕಿ ತೆರೆಯುತ್ತಿತ್ತು. ಒಂದನ್ನು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ಕೆಲವು ಇನ್ನೂ ಜಾಣ ಕಿಟಕಿಗಳು ಹಿಂದೆ ಅಡಗಿ ಕುಳಿತು, ಎಲ್ಲ ಮುಚ್ಚಿ ಮನೆಗೆ ಹೊರಡುವಾಗ ಹಲ್ಲು ಕಿಸಿಯುತ್ತಿದ್ದವು.

ಬ್ರೌಸರಿನವರಿಗೆ ಕೊನೆಗೆ ನಾಚಿಕೆಯಾಯಿತು. 2004ರಲ್ಲಿ ಬಂದ ಫೈರ್‌ಫಾಕ್ಸ್ 1.0ರಲ್ಲಿ ಕಾವಲು ಇತ್ತು. ಅದೇ ವರ್ಷ ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ಕಾವಲುಗಾರನನ್ನು ತಂದಿತು. ನಿಯಮ ಸರಳ: ಬಳಸುವವನ ಬೆರಳು ಒತ್ತಿದರೆ ಮಾತ್ರ ಹೊಸ ಕಿಟಕಿ.

ದಂಧೆಯೇನೂ ನಿಲ್ಲಲಿಲ್ಲ, ಬೆರಳು ಹುಡುಕಿಕೊಂಡು ಹೊರಟಿತು. ನೀವು ಹಾಡು ಕೇಳಲು ಒತ್ತಿದಿರೋ, ಜಾಹೀರಾತು ಮುಚ್ಚಲು ಒತ್ತಿದಿರೋ, ಸುಮ್ಮನೆ ಖಾಲಿ ಜಾಗ ಮುಟ್ಟಿದಿರೋ, ಒಟ್ಟು ಒತ್ತಿದಿರಲ್ಲ? ಅದೇ ಒಪ್ಪಿಗೆ. ವೈಟ್‌ಫೀಲ್ಡಿನ ಯಾವುದೋ ಗಾಜಿನ ಕಟ್ಟಡದಲ್ಲಿ ಬೆಳಗಿನ ಸ್ಟ್ಯಾಂಡ್-ಅಪ್‌ನಲ್ಲಿ ಹುಡುಗನೊಬ್ಬ, ಮುಚ್ಚುವ ಗುರುತನ್ನು ಬೂದು ಹಿನ್ನೆಲೆಯ ಮೇಲೆ ಬೂದು ಬಣ್ಣದಲ್ಲೇ ಇಟ್ಟಿದ್ದೇನೆ ಎಂದು ವರದಿ ಒಪ್ಪಿಸಿ ಶಭಾಷ್ ಪಡೆಯುತ್ತಾನೆ. ಸಂಜೆ ಮೆಟ್ರೋದಲ್ಲಿ ಕ್ರಿಕೆಟ್ ಸ್ಕೋರ್ ನೋಡಲು ಹೋಗಿ, ಐದು ನಿಮಿಷದಲ್ಲಿ ಸಾಲ ಕೊಡುವ ಕಿಟಕಿಗೆ ಸಿಕ್ಕಿಬಿದ್ದು, ಇದನ್ನು ಯಾವ ಅಯೋಗ್ಯ ಬರೆದ ಎಂದು ಬೈಯುತ್ತಾನೆ. 2018ರಲ್ಲಿ ಹೈಕೋರ್ಟ್ ಗದರಿದಾಗ ನಗರದ ಫ್ಲೆಕ್ಸುಗಳು ಮಾಯವಾಗಿ, ಆಮೇಲೆ ಹುಟ್ಟುಹಬ್ಬದ ನೆಪದಲ್ಲಿ ಮರಳಿ ಎದ್ದ ಹಾಗೆಯೇ ಇದೂ. ಫ್ಲೆಕ್ಸಿಗೆ ಬೂದು ಬಣ್ಣದ ಮುಚ್ಚುವ ಗುರುತೂ ಇಲ್ಲ ಅನ್ನಿ.

ಇನ್ನು ಪೀಣ್ಯಕ್ಕೆ ಬನ್ನಿ. ನಾಲ್ಕು ಲೇತ್, ಒಂದು ಸಿಎನ್‌ಸಿ ಇಟ್ಟುಕೊಂಡ ಯಜಮಾನರು ಯಾವುದೋ ಸರ್ಕಾರಿ ಪೋರ್ಟಲಿನಲ್ಲಿ ಶುಲ್ಕ ಕಟ್ಟುತ್ತಾರೆ. ದುಡ್ಡು ಹೋಯಿತು, ಬ್ಯಾಂಕಿನ ಮೆಸೇಜೂ ಬಂತು. ರಸೀದಿ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಮಗನಿಗೆ ಫೋನು.

“ಅಪ್ಪಾ, ಅದು ಪಾಪ್-ಅಪ್ ಬ್ಲಾಕ್ ಆಗಿದೆ. ಮೇಲೆ ಬಲಗಡೆ ಪುಟ್ಟ ಗುರುತು ಕಾಣ್ತಿದ್ಯಾ?”

“ನಂಗೆ ಕಾಣ್ತಿರೋದು ಸಾಲದ ಜಾಹೀರಾತು ಕಣೋ. ಅದು ಹೆಂಗೆ ಬಂತು?”

ಒಳ್ಳೆಯ ಪ್ರಶ್ನೆ. ಬೆರಳು ಒತ್ತಿದ ಅನುಮತಿಗೆ ಆಯುಷ್ಯ ಕೆಲವೇ ಸೆಕೆಂಡು. ಸಾಲದ ಕಿಟಕಿ ಇನ್ನೊಂದು ಪುಟದಲ್ಲಿ ಬೆರಳು ತಾಗಿದ ಕ್ಷಣವೇ ಅದಕ್ಕೆ ಜೋತುಬಿದ್ದು ಒಳಗೆ ನುಗ್ಗಿತು. ಪೋರ್ಟಲಿನ ಸರ್ವರ್ ಮಾತ್ರ ಕಚೇರಿಯ ಗಾಂಭೀರ್ಯ ಬಿಡಲಿಲ್ಲ. ಆಕಳಿಸಿ, ಬ್ಯಾಂಕನ್ನು ವಿಚಾರಿಸಿ, ರಸೀದಿಗೆ ಕಿಟಕಿ ತೆರೆಯಲು ಹೊರಡುವ ಹೊತ್ತಿಗೆ ಅನುಮತಿ ಸತ್ತಿತ್ತು. ಕಾವಲುಗಾರನ ಲೆಕ್ಕದಲ್ಲಿ ಯಾರೂ ಏನನ್ನೂ ಒತ್ತಿಲ್ಲ, ಬಂದವನು ಅಪರಿಚಿತ. ದುಡ್ಡು ಕೊಟ್ಟು ಕರೆಸಿಕೊಂಡ ರಸೀದಿಗೆ ಗೇಟಿನಲ್ಲಿ ತಡೆ, ಕರೆಯದೆ ಬಂದ ಸಾಲಗಾರನಿಗೆ ಸಲಾಂ!

ಇದಕ್ಕೆ ಮದ್ದು ಇಲ್ಲದಿಲ್ಲ. ಒತ್ತಿದ ತಕ್ಷಣ ಖಾಲಿ ಕಿಟಕಿ ತೆರೆದಿಟ್ಟು ಆಮೇಲೆ ತುಂಬಬಹುದು. ಅದಕ್ಕಿಂತ ಸುಲಭ, ಅದೇ ಪುಟದಲ್ಲಿ ಡೌನ್‌ಲೋಡ್ ಬಟನ್ ಇಟ್ಟರೆ ಮುಗಿಯಿತು. ಅದನ್ನು ಮಾಡಲು ಒಬ್ಬ ಹುಡುಗ, ಅರ್ಧ ದಿನ ಸಾಕು. ಅದರ ಬದಲು ಪೋರ್ಟಲ್ ಕೆಂಪಕ್ಷರದಲ್ಲಿ ಫರ್ಮಾನು ಹೊರಡಿಸುತ್ತದೆ: ದಯವಿಟ್ಟು ಪಾಪ್-ಅಪ್ ಬ್ಲಾಕರ್ ಆಫ್ ಮಾಡಿ. ಬೀಗ ತಯಾರಿಸಿದವನು ಒಬ್ಬ, ಬೀಗ ತೆಗೆದಿಟ್ಟು ಮಲಗಿ ಎನ್ನುವವನು ಇನ್ನೊಬ್ಬ. ಯಜಮಾನರು ಒಂದು ಪೋರ್ಟಲಿಗೆಂದು ಹೋಗಿ ಲೋಕದ ಎಲ್ಲ ಸೈಟಿಗೂ ‘ಅಲೋ’ ಒತ್ತುತ್ತಾರೆ. ಅಂದಿನಿಂದ ಆ ಕಂಪ್ಯೂಟರಿನಲ್ಲಿ ಕಿಟಕಿಗಳ ಜಾತ್ರೆ.

ಕಾನೂನು ಇಲ್ಲವೇ ಅನ್ನಬೇಡಿ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ತಡೆಯ ಮಾರ್ಗಸೂಚಿ ಹೊರಡಿಸಿ, ಬಳಕೆದಾರರನ್ನು ಏಮಾರಿಸುವ 13 ವಿಧಾನಗಳನ್ನು ಹೆಸರಿಸಿತು. ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದೂ ಅದರಲ್ಲಿದೆ. ಪಟ್ಟಿ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಹೊಸ ಪ್ರಾಡಕ್ಟ್ ಮ್ಯಾನೇಜರುಗಳು ಪರೀಕ್ಷೆಗೆ ಓದಿಕೊಂಡಂತೆ ಕಾಣುತ್ತದೆ.

ಯಜಮಾನರು ಹೆಲ್ಪ್‌ಡೆಸ್ಕಿಗೆ ದೂರು ಬರೆದರು. ಉತ್ತರ ಬಂತು: ನಮ್ಮ ಕಡೆ ಎಲ್ಲ ಸರಿಯಿದೆ, ತೊಂದರೆ ನಿಮ್ಮ ಬ್ರೌಸರಿನದು, ಟಿಕೆಟ್ ಕ್ಲೋಸ್ ಮಾಡಲಾಗಿದೆ. ಜೊತೆಗೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ ಎಂದು ಕೇಳುತ್ತ ಐದು ನಕ್ಷತ್ರಗಳ ಹೊಸ ಕಿಟಕಿಯೊಂದು ತೆರೆಯಿತು. ಅದು ಮಾತ್ರ ಒಂದು ಸೆಕೆಂಡೂ ತಡಮಾಡಲಿಲ್ಲ.